ಚೌಡವ್ವನ ತೊಟ್ಟಿಲು, ನನ್ನ ಜೂನ್ ಒಂದು

ಐರಣಿಯಲ್ಲಿ ಕೂಸು ಹುಟ್ಟಿದ ಮನೆಯವರು ಎರಡು ಕಡೆ ಓಡುತ್ತಾರೆ. ಒಬ್ಬರು ಪೇಢೆ ತರಲು ರಾಣೇಬೆನ್ನೂರಿಗೆ, ಇನ್ನೊಬ್ಬರು ತೊಟ್ಟಿಲು ಹೇಳಿಡಲು ಚೌಡವ್ವನ ಮನೆಗೆ. ಪೇಢೆಗೆ ಹೋದವರು ನಗುತ್ತ ಬರುತ್ತಾರೆ. ತೊಟ್ಟಿಲಿಗೆ ಹೋದವರು ಹೆಚ್ಚಾಗಿ ಬೈಸಿಕೊಂಡು ಬರುತ್ತಾರೆ.

ತೊಟ್ಟಿಲು ಕಲಘಟಗಿಯದು. ಕೆಂಪು, ಹಳದಿ ಅರಗಿನ ಬಣ್ಣ, ಕೂಸಿನ ಕಣ್ಣಿಗೆ ಕಾಣುವಂತೆ ಮೇಲೆ ತೂಗುವ ಮರದ ಗಿಳಿಗಳು. ಹೆಸರಿಡುವ ದಿನ ಅದೇ ತೊಟ್ಟಿಲು ಬೇಕೆಂದು ಊರಿಗೆಲ್ಲ ಆಸೆ. ಚೌಡವ್ವ ಬಾಡಿಗೆ ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ. ಕೇಳುವುದು ಒಂದೇ ಮಾತು.

"ಚಾವಡ್ಯಾಗ ಬರಿಸೀರೇನು? ಚೀಟಿ ಎಲ್ಲಿ?"

ಹುಟ್ಟು ದಾಖಲೆಯ ಚೀಟಿ ತೋರಿಸಿದರೆ ತೊಟ್ಟಿಲು. ಇಲ್ಲದಿದ್ದರೆ ಹಳೇ ಸೀರೆಯ ಜೋಳಿಗೆ ಕಟ್ಟಿ ತೂಗಿಕೊಳ್ಳಬೇಕು. "ಮೊದಲ ಪುಸ್ತಕದಾಗ ಮಲಗಿಸಿ ಬರ್ರಿ, ಆಮ್ಯಾಲ ತೊಟ್ಟಿಲದಾಗ ಮಲಗಿಸೀರಂತ" ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಾಳೆ. ಆಕೆಗೆ ಓದಲು ಬರುವುದಿಲ್ಲ. ಚೀಟಿಯನ್ನು ಬೆಳಕಿಗೆ ಹಿಡಿದು ಠಸ್ಸೆ ಇದೆಯೋ ಇಲ್ಲವೋ ನೋಡುತ್ತಾಳೆ. ಒಮ್ಮೆ ಗುಡದಪ್ಪನೆಂಬ ಶಾಣ್ಯಾ ಸೊಸೈಟಿಯ ಗೊಬ್ಬರದ ರಸೀದಿ ತಂದು ತೋರಿಸಿದ. ಅದಕ್ಕೂ ಠಸ್ಸೆ ಇತ್ತು. ಚೌಡವ್ವ ಅದನ್ನು ನನ್ನ ಹತ್ತಿರ ತಂದು ಓದಿಸಿದಳು. "ಗುಡದಪ್ಪನ ಮೊಮ್ಮಗನ ಹೆಸರು ಯೂರಿಯಾ ಅಂತ ಐತಿ" ಎಂದು ನಾನು ಹೇಳಿದ್ದು ಇಡೀ ವಾರ ಊರಲ್ಲಿ ಓಡಾಡಿತು. ಗುಡದಪ್ಪ ಮರುದಿನ ಚಾವಡಿಗೆ ಹೋಗಿ ಬರೆಸಿದ.

ಈಗ ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲೇ ಆಗುತ್ತವೆ, ಬರೆಯುವುದೂ ಅಲ್ಲೇ. ಆದರೂ ಚೀಟಿ ತರಲು ಜನಕ್ಕೆ ಮೈಗಳ್ಳತನ. ಅದಕ್ಕೇ ಚೌಡವ್ವನ ಷರತ್ತು ಇಪ್ಪತ್ತು ವರ್ಷವಾದರೂ ಸಡಿಲವಾಗಿಲ್ಲ. ಹಿಂದಿನಿಂದ ಆಕೆಯನ್ನು "ತಹಶೀಲ್ದಾರ್ತಿ" ಎನ್ನುತ್ತಾರೆ. ಆಕೆಗೂ ಗೊತ್ತು.

ನಾನು ಈ ಊರಿನ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮಾಸ್ತರನಾಗಿದ್ದೆ. ಚೌಡವ್ವನ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಇದ್ದಾರು. ಆದರೆ ಆ ಷರತ್ತು ಹುಟ್ಟಿದ್ದರಲ್ಲಿ ನನ್ನ ಪಾಲೂ ಇದೆ. ಆದ್ದರಿಂದ ಬರೆಯಬೇಕಾದವನು ನಾನೇ.

ಚೌಡವ್ವ ಗುತ್ತಲದ ಮಗಳು, ಐರಣಿಯ ಹೊಳಿಯಪ್ಪನ ಹೆಂಡತಿ. ಹೊಳಿಯಪ್ಪನಿಗೆ ಎರಡೆಕರೆ ಹೊಲ, ಅರೆಪಾವು ಮಾತು. ಮಾತಿನ ಉಳಿದ ಪಾಲೆಲ್ಲ ಚೌಡವ್ವನದು. ತಮ್ಮ ಹೊಲ ಮುಗಿದ ಮೇಲೆ ಆಕೆ ಬೀಜದ ಹತ್ತಿಯ ಪ್ಲಾಟುಗಳಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಗಂಡು ಹೂವಿನ ಧೂಳನ್ನು ಹೆಣ್ಣು ಹೂವಿಗೆ ಮುಟ್ಟಿಸುವುದು, ಮುಟ್ಟಿಸಿದ ಹೂವಿನ ತೊಟ್ಟಿಗೆ ಆಗಿಂದಾಗಲೇ ದಾರ ಕಟ್ಟುವುದು. ದಾರ ಕಟ್ಟಲು ಮರೆತರೆ ಆ ಕಾಯಿ ಎಷ್ಟೇ ಚೆನ್ನಾಗಿ ಬೆಳೆದರೂ ಬೀಜಕ್ಕೆ ಸಲ್ಲುವುದಿಲ್ಲ. ಐರಣಿ ಸೀಮೆಯಲ್ಲಿ ಆಕೆಯಷ್ಟು ಲಗೂ ದಾರ ಕಟ್ಟುವವರು ಇರಲಿಲ್ಲ.

ಆಕೆಗೆ ಒಬ್ಬಳೇ ಮಗಳು, ಹೊನ್ನವ್ವ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಹಾಗಾಗಿ ಹೊನ್ನವ್ವ ಹುಟ್ಟಿದ್ದು ಗುತ್ತಲದಲ್ಲಿ, ಎಂಬತ್ತಾರರ ಅಕ್ಟೋಬರಿನ ಸೀಗಿಹುಣ್ಣಿಮೆಯ ಮುಂಜಾನೆ. ಬಾಣಂತನ ಮುಗಿಸಿ ಗಂಡನ ಮನೆಗೆ ಕಳಿಸುವಾಗ ತವರಿನವರು ಆ ಕಲಘಟಗಿ ತೊಟ್ಟಿಲನ್ನು ಚಕ್ಕಡಿಯಲ್ಲಿ ಹೇರಿ ಕಳಿಸಿದರು. ಹುಟ್ಟನ್ನು ಯಾರೂ ಎಲ್ಲೂ ಬರೆಸಲಿಲ್ಲ. ಗುತ್ತಲದವರು, ಕೂಸು ಐರಣಿಯವರದು, ಅವರೇ ಬರೆಸುತ್ತಾರೆ ಅಂದುಕೊಂಡರು. ಐರಣಿಯವರು, ಹುಟ್ಟಿದ್ದು ಗುತ್ತಲದಲ್ಲಿ, ಅಲ್ಲೇ ಬರೆಸಿರುತ್ತಾರೆ ಅಂದುಕೊಂಡರು. ಬೀಗರು ಬೀಗರ ಮೇಲೆ ಹಾಕಿದ ಕೆಲಸ ಯಾವತ್ತು ಆಗಿದೆ?

ತೊಂಬತ್ತೊಂದರ ಜೂನ್‌ನಲ್ಲಿ ಹೊಳಿಯಪ್ಪ ಮಗಳ ಕೈ ಹಿಡಿದುಕೊಂಡು ಶಾಲೆಗೆ ಬಂದ. "ಇಬ್ಬರೂ ಹೊಲಕ್ಕ ಹೋಗತೇವರಿ. ಮನ್ಯಾಗ ನೋಡಾವರು ಯಾರೂ ಇಲ್ಲ. ಹೆಸರು ಹಚ್ಚಿಕೊಳ್ರಿ" ಅಂದ.

"ಎಷ್ಟು ವರ್ಷ?"

"ಶಾಲಿಗೆ ಎಷ್ಟು ಬೇಕೋ ಅಷ್ಟು ಬರಕೊಳ್ರಿ."

ಆಗ ನಮ್ಮಲ್ಲಿ ಒಂದು ಪರೀಕ್ಷೆ ಇತ್ತು. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ತುಂಬಿತು ಎಂದು ಲೆಕ್ಕ. ಹೊನ್ನವ್ವ ಉದ್ದ ಕೈಯ ಹುಡುಗಿ. ಕುತ್ತಿಗೆ ಓರೆ ಮಾಡಿ ಕಿವಿಯ ತುದಿ ಮುಟ್ಟಿ ನಕ್ಕಳು. ನಾನು 1-6-1985 ಎಂದು ಬರೆದೆ. ಆಗ ಆಕೆಗೆ ಐದು ಕೂಡ ತುಂಬಿರಲಿಲ್ಲ. ಆ ವರ್ಷ ಸೇರಿದ ಹದಿನಾರು ಮಕ್ಕಳಲ್ಲಿ ಹದಿನಾಲ್ಕು ಮಕ್ಕಳು ಜೂನ್ ಒಂದರಂದೇ ಹುಟ್ಟಿದವರು. ನನ್ನ ದಾಖಲಾತಿ ಪುಸ್ತಕ ನೋಡಿದವರಿಗೆ, ಐರಣಿಯ ಹೆಂಗಸರು ವರ್ಷಕ್ಕೊಂದೇ ದಿನ ಹೆರುತ್ತಾರೆ ಅನ್ನಿಸಬೇಕು. ನನಗೆ ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮಗು ಶಾಲೆಗೆ ಬಂತಲ್ಲ ಎಂದು ಹೆಮ್ಮೆಯೇ ಇತ್ತು.

2003ರ ಜೂನ್‌ನಲ್ಲಿ ಬ್ಯಾಡಗಿಯ ಕಲ್ಲೇಶನ ಜೊತೆ ಹೊನ್ನವ್ವನ ಮದುವೆ ಗೊತ್ತಾಯಿತು. ಹುಡುಗ ಮೆಣಸಿನಕಾಯಿ ಮಾರುಕಟ್ಟೆಯ ಒಂದು ಅಂಗಡಿಯಲ್ಲಿ ತೂಕದ ಕೆಲಸಕ್ಕಿದ್ದ, ಒಳ್ಳೆಯವನು. ಅಂಗನವಾಡಿಯ ಟೀಚರ್ ಬಂದು ಹುಡುಗಿಗೆ ಹದಿನೆಂಟು ಆಗಿದೆಯೇ ಎಂದು ಕೇಳಿದಳು. ಚೌಡವ್ವ ಸುಳ್ಳು ಹೇಳಲಿಲ್ಲ. "ಬರೋ ಸೀಗಿಹುಣ್ಣಿಮಿಗೆ ಹದಿನೇಳು ತುಂಬತಾವು" ಅಂದಳು. ಹೊಳಿಯಪ್ಪ ಶಾಲೆಯಿಂದ ದಾಖಲೆ ತಂದು ತೋರಿಸಿದ. ಅದರಲ್ಲಿ ಹದಿನೆಂಟು ತುಂಬಿ ಹತ್ತು ದಿನವಾಗಿತ್ತು. ಕೆಳಗೆ ನನ್ನ ಸಹಿ ಇತ್ತು. ಓದಲು ಬಾರದ ತಾಯಿಯ ನೆನಪು ದೊಡ್ಡದೋ, ಮಾಸ್ತರನ ಸಹಿ ದೊಡ್ಡದೋ? ಟೀಚರ್ ಹೊರಟುಹೋದಳು. ಮದುವೆ ಆಯಿತು. ನಾನೂ ಹೋಗಿ ಅಕ್ಷತೆ ಹಾಕಿ ಉಂಡು ಬಂದೆ.

ಮರು ವರ್ಷ ಜುಲೈನಲ್ಲಿ ಹೊನ್ನವ್ವ ಚೊಚ್ಚಲ ಹೆರಿಗೆಗೆ ಐರಣಿಗೆ ಬಂದಿದ್ದಳು. ದಿನಕ್ಕೆ ಮೊದಲೇ ಬೇನೆ ಬಂತು. ಗಾಡಿ ಬರುವುದರೊಳಗೆ ಮನೆಯಲ್ಲೇ ಹೆತ್ತಳು. ಹೆಣ್ಣು ಕೂಸು. ಮೂರನೇ ದಿನ ತಾಯಿಗೆ ಜ್ವರ ಏರಿತು. ಆ ಸಲವೂ ಗಾಡಿ ಬರುವುದರೊಳಗೆ ಮುಗಿದಿತ್ತು. ಮೈ ಇನ್ನೂ ಹೆರಿಗೆಗೆ ಗಟ್ಟಿಯಾಗಿರಲಿಲ್ಲ ಎಂದು ಸೂಲಗಿತ್ತಿ ಮೈಲವ್ವ ಹೇಳಿದಳು. ಹೇಳಬೇಕಾದ ಹೊತ್ತಿನಲ್ಲಿ ಯಾರೂ ಹೇಳಿರಲಿಲ್ಲ.

ಸೂತಕದ ಮನೆಯವರು ಹೊರಗೆ ಹೋಗಿ ನಾಲ್ಕು ಮಂದಿಯನ್ನು ಮುಟ್ಟುವುದಿಲ್ಲ. ಚೌಡವ್ವ ಕೂಸು ಹುಟ್ಟಿದ ಐದನೇ ದಿನಕ್ಕೆ ನನ್ನ ಮನೆಯ ಮುಂದೆ ಬಂದು ನಿಂತಳು.

"ಮಾಸ್ತರ, ಚಾವಡಿಗೆ ಬರ್ರಿ. ಕೂಸಿಂದು ಬರಸೋದೈತಿ."

"ಹನ್ನೊಂದು ದಿನ ಆಗಲಿ ಚೌಡವ್ವ."

"ಕ್ರಾಸ್ ಮಾಡಿದ ಹೂವಿಗೆ ಅವತ್ತ ದಾರ ಕಟ್ಟತೇವಿ. ನಾಳೆ ಕಟ್ಟತೇನಿ ಅಂದ್ರ ಯಾವ ಹೂವು ಅಂತ ಯಾರಿಗೆ ಗೊತ್ತಾಕ್ಕೈತ್ರಿ? ಹೊನ್ನಿಗೆ ನಾ ಕಟ್ಟಲಿಲ್ಲ. ಈಕಿಗೆ ಕಟ್ಟತೇನಿ."

ಚಾವಡಿಯಲ್ಲಿ ದಾಖಲೆ ಬರೆಯುವ ತಲಾಟಿ ಹೊಸಬ, ಸೂತಕ ಗೀತಕ ಅನ್ನಲಿಲ್ಲ. ಅರ್ಜಿ ತುಂಬಿದವನು ನಾನು. ಒಂದು ಹುಟ್ಟಿನದು, ಒಂದು ಸಾವಿನದು, ಒಂದೇ ಪೆನ್ನು. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಹೆಸರಿನ ಜಾಗ ಖಾಲಿ ಬಿಟ್ಟೆ. ಸತ್ತವಳ ವಯಸ್ಸು ಕೇಳಿದಾಗ ಚೌಡವ್ವ "ಹದಿನೇಳು" ಅಂದಳು. ನಾನು ತಡೆದೆ. "ಶಾಲಿ ದಾಖಲೆದಾಗ ಬ್ಯಾರೆ ಐತಿ. ಎರಡೂ ಕಡೆ ಒಂದೇ ಇರಬೇಕು, ಇಲ್ಲಂದ್ರ ಮುಂದ ತ್ರಾಸ ಆಕ್ಕೈತಿ" ಎಂದು ಹೇಳಿ ಹತ್ತೊಂಬತ್ತು ಎಂದು ಬರೆದೆ. ಖರೇ ಹೇಳಬೇಕೆಂದರೆ, ತ್ರಾಸು ಆಗುವುದಿದ್ದದ್ದು ನನಗೆ. ಹೆದರಿ ಬರೆದೆ.

ಎರಡೂ ಚೀಟಿಗಳನ್ನು ಚೌಡವ್ವ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಕೂಸಿಗೆ ಸುಚಿತ್ರಾ ಎಂದು ಹೆಸರಿಟ್ಟರು. ಅಮ್ಮನ ತೊಟ್ಟಿಲಲ್ಲಿ ವರ್ಷ ಮಲಗಿ ಅದು ಎದ್ದು ಓಡಾಡತೊಡಗಿದ ಮೇಲೆ, ಖಾಲಿ ತೊಟ್ಟಿಲು ಮನೆಯಲ್ಲಿ ತೂಗಬಾರದು ಎಂದುಕೊಂಡು, ನೆರೆಯವರು ಕೇಳಿದಾಗ ಕೊಟ್ಟಳು. ಷರತ್ತು ಅಂದೇ ಶುರುವಾಯಿತು. ಕೂಸಿಗೆ ನಾಲ್ಕು ವರ್ಷ ತುಂಬಿದ ಮೇಲೆ, ಅಷ್ಟರಲ್ಲಿ ಇನ್ನೊಂದು ಮದುವೆಯಾಗಿದ್ದ ಕಲ್ಲೇಶ ಬಂದು ಮಗಳನ್ನು ಬ್ಯಾಡಗಿಗೆ ಕರೆದುಕೊಂಡು ಹೋದ.

ಅಲ್ಲಿಂದ ಮುಂದೆ ಚೌಡವ್ವನ ಬದುಕಿನಲ್ಲಿ ಬರೆಯುವಂಥದ್ದು ಹೆಚ್ಚಿಲ್ಲ. ಹೊಳಿಯಪ್ಪ ತೀರಿಕೊಂಡ. ಆಕೆ ಕ್ರಾಸಿಂಗ್‌ಗೆ ಹೋದಳು, ತೊಟ್ಟಿಲು ಕೊಟ್ಟಳು, ತಂದಿಟ್ಟಳು, ಒರೆಸಿದಳು. ಹಬ್ಬಕ್ಕೊಮ್ಮೆ ಮೊಮ್ಮಗಳು ಬಂದರೆ ಆಕೆಯ ಮನೆಯ ಒಲೆ ಎರಡು ಹೊತ್ತು ಉರಿಯುತ್ತಿತ್ತು.

2021ರ ಜುಲೈ ಮೊದಲ ವಾರ. ಲಾಕ್‌ಡೌನ್ ಸಡಿಲಾಗಿ ಬಸ್ಸುಗಳು ಓಡಲು ಶುರು ಮಾಡಿದ್ದವು. ಕಲ್ಲೇಶ ಅರಿಷಿಣ ಕುಂಕುಮ ಹಚ್ಚಿದ ಕಾರ್ಡು ಹಿಡಿದು ಐರಣಿಗೆ ಬಂದ. ಸುಚಿತ್ರಾಳ ಮದುವೆ, ಇನ್ನು ಒಂಬತ್ತು ದಿನಕ್ಕೆ. ನಾನು ಚೌಡವ್ವನ ಮನೆಯ ಕಟ್ಟೆಯ ಮೇಲೆ ಕೂತಿದ್ದೆ.

"ಹುಡುಗ ಹಾವೇರಿಯಾಂವರಿ ಅತ್ತಿ. ಸ್ವಂತ ಅಂಗಡಿ ಐತಿ. ಈಗಾದ್ರ ನಲವತ್ತು ಮಂದ್ಯಾಗ ಮುಗದು ಹೋಕ್ಕೈತ್ರಿ."

ಚೌಡವ್ವ ಕಾರ್ಡು ಮುಟ್ಟಲಿಲ್ಲ. "ಆಕಿಗೆ ಹದಿನೇಳು ಇನ್ನೂ ತುಂಬಿಲ್ಲಲ್ಲರಿ, ಕಲ್ಲೇಶಪ್ಪ."

"ಶಾಲಿ ದಾಖಲೆದಾಗ ಹದಿನೆಂಟು ಮುಗದೈತ್ರಿ. ಜೂನ್ ಒಂದಕ್ಕ." ಅವನು ಚೀಲದಿಂದ ಇನ್ನೊಂದು ಕಾಗದ ತೆಗೆದ. "ಅಂಗನವಾಡ್ಯಾವರು ಹುಟ್ಟಿದ ಚೀಟಿ ಕೇಳಿದ್ರು ಅಂತ ಬ್ಯಾಡಗ್ಯಾಗ ಹುಡುಕಿಸಿದ್ನಿ. ಪುಸ್ತಕದಾಗ ಇಲ್ಲ ಅಂತ ಬರದು ಕೊಟ್ಟಾರ್ರಿ. ಅದು ಇಲ್ಲಂದ್ರ ಶಾಲಿದ ನಡೀತೈತಿ."

ಅವನ ಮಾತಿನಲ್ಲಿ ಕಪಟ ಇರಲಿಲ್ಲ. ಮಗಳು ತನ್ನ ಊರಿನವಳು, ಹಾಗಾದ ಮೇಲೆ ಹುಟ್ಟಿನ ದಾಖಲೆ ತನ್ನ ಊರಿನಲ್ಲೇ ಇರಬೇಕು ಎಂದು ತಿಳಿದಿದ್ದ. ನಮ್ಮ ಗಂಡಸರು ಮಕ್ಕಳು ಎಲ್ಲಿ ಹುಟ್ಟಿದವು ಎಂಬುದನ್ನು ಅಷ್ಟು ಬೇಗ ಮರೆಯುತ್ತಾರೆ. ಬೆರಳಲ್ಲಿ ಉಂಗುರ ಇಟ್ಟುಕೊಂಡು ಹೊಳೆಯಲ್ಲಿ ಹುಡುಕಿದ ಹಾಗೆ, ತವರಿನಲ್ಲಿ ಹುಟ್ಟಿದ ಕೂಸನ್ನು ಬ್ಯಾಡಗಿಯ ಪುಸ್ತಕದಲ್ಲಿ ಹುಡುಕಿಸಿದ್ದ.

ಅವನು ಹೋದ ಮೇಲೆ ಚೌಡವ್ವ ನನ್ನ ಫೋನಿನಿಂದ ಮೊಮ್ಮಗಳಿಗೆ ಮಾತಾಡಿದಳು. "ನಿನಗ ಬೇಕಾಗೇತೇನು ಲಗ್ನ?" ಆ ಕಡೆಯಿಂದ ಹುಡುಗಿ, "ನನಗ ನರ್ಸಿಂಗ್ ಓದಬೇಕಾಗೈತಿ, ಅಜ್ಜಿ. ಅಪ್ಪಗ ಹೇಳಿದ್ನಿ. ಮಾತು ಮುಗದ ಹೋಗೇತಿ ಅಂದ" ಎಂದಳು.

ಮರುದಿನ ಬೆಳಿಗ್ಗೆ ಚೌಡವ್ವ ಪ್ಲಾಸ್ಟಿಕ್ ಹಾಳೆಯ ಗಂಟು ಹಿಡಿದು ನಮ್ಮ ಮನೆಗೆ ಬಂದಳು. ನಾವಿಬ್ಬರೂ ರಾಣೇಬೆನ್ನೂರಿಗೆ ಹೋಗಿ ಅಲ್ಲಿಂದ ಬ್ಯಾಡಗಿಯ ಬಸ್ಸು ಹಿಡಿದೆವು. ದಾರಿಯಲ್ಲಿ ಆಕೆ ಮಾಸ್ಕ್ ಕೆಳಗೆಳೆದು ಒಂದೇ ಸಲ ಮಾತಾಡಿದಳು. "ಓದೋದು ಬಂದ್ರ ನೀವು ಓದಬೇಕ್ರಿ. ಅದಕ್ಕ ಕರಕೊಂಡು ಹೊಂಟೇನಿ."

ಮಕ್ಕಳ ಇಲಾಖೆಯ ಕಚೇರಿಯಲ್ಲಿ ದ್ರಾಕ್ಷಾಯಿಣಿ ಎಂಬ ಮೇಲ್ವಿಚಾರಕಿ ಇದ್ದರು. ನಿಧಾನದ ಹೆಂಗಸು, ಸಾವಧಾನದಿಂದ ಕೇಳಿದರು. ಕಲ್ಲೇಶನನ್ನೂ ಸುಚಿತ್ರಾಳನ್ನೂ ಕರೆಸಿದರು. ಕಲ್ಲೇಶ ಅತ್ತೆಯನ್ನು ಅಲ್ಲಿ ನೋಡಿ ಬಾಗಿಲಲ್ಲೇ ನಿಂತ. ಹುಡುಗಿ ಬಂದು ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ಕೂತಳು.

ಮೇಲ್ವಿಚಾರಕಿ ಮೇಜಿನ ಮೇಲೆ ಕಾಗದ ಹರಡಿದರು. ಶಾಲೆಯ ದಾಖಲೆ, ಸುಚಿತ್ರಾ, 1-6-2003. ಐರಣಿಯ ಹುಟ್ಟಿನ ಚೀಟಿ, 26-7-2004, ಹೆಣ್ಣು, ತಾಯಿ ಹೊನ್ನವ್ವ, ತಂದೆ ಕಲ್ಲೇಶ. ಹೆಸರಿನ ಜಾಗ ಖಾಲಿ.

"ಇದರಾಗ ಹೆಸರ ಇಲ್ಲಲ್ಲರಿ" ಎಂದ ಕಲ್ಲೇಶ. "ಇದು ಈಕೀದ ಅಂತ ಹೆಂಗ ಹೇಳತೀರಿ? ಇದು ಎರಡನೇ ಕೂಸು ಅಂತ ಯಾರರ ಅಂದ್ರ?"

ಚೌಡವ್ವ ಎರಡನೇ ಚೀಟಿಯನ್ನು ಮೇಜಿನ ಮೇಲೆ ಇಟ್ಟಳು. ಸಾವಿನದು. ಹೊನ್ನವ್ವ, 29-7-2004. "ಮೂರು ದಿನದಾಗ ಸತ್ತಾಕಿಗೆ ಎರಡನೇ ಕೂಸು ಎಲ್ಲಿಂದ ಬರಬೇಕ್ರಿ? ಲಗ್ನ ಆಗಿ ವರ್ಷದ ಮ್ಯಾಲ ಒಂದು ತಿಂಗಳಿಗೆ ಈ ಕೂಸು ಹುಟ್ಟೇತಿ. ಇದಕ್ಕೂ ಮೊದಲ ಇನ್ನೊಂದು ಆಗಿತ್ತು ಅಂತ ನೀವ ಹೇಳ್ರಿ, ಕಲ್ಲೇಶಪ್ಪ."

ಮೇಲ್ವಿಚಾರಕಿ ಚೀಟಿಯನ್ನು ಮೆಲ್ಲಗೆ ಓದಿದರು. "ಹೊನ್ನವ್ವ, ವಯಸ್ಸು ಹತ್ತೊಂಬತ್ತು."

"ಹದಿನೇಳರಿ" ಎಂದಳು ಚೌಡವ್ವ.

"ಇಲ್ಲಿ ಹತ್ತೊಂಬತ್ತು ಅಂತ ಐತಿ, ಅಜ್ಜಿ. ಹಂಗಿದ್ರ ಈ ಚೀಟೀನೂ ತಪ್ಪು ಅಂದಂಗಾತು. ಯಾವ ಕಾಗದ ನಂಬೂದು?"

ಚೌಡವ್ವ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ. ಓದಲು ಕರೆದುಕೊಂಡು ಬಂದವನನ್ನು ನೋಡುವ ಹಾಗೆ ನೋಡಿದಳು. ಹದಿನೇಳು ವರ್ಷ ಆಕೆ ಒಮ್ಮೆಯೂ ನನ್ನನ್ನು ಈ ಮಾತು ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಮಾಡಿದ್ದುಣ್ಣೋ ಮಹಾರಾಯ ಎಂದು ಮಕ್ಕಳಿಗೆ ಕಲಿಸಿದವನು ನಾನೇ.

"ಬರದಾವ ನಾನರಿ" ಅಂದೆ. "ಹೊನ್ನವ್ವನ್ನ ಶಾಲಿಗೆ ಹಚ್ಚಿಕೊಳ್ಳೂಮುಂದ ಕಿವಿ ಮುಟ್ಟಿಸಿ ನೋಡಿ ಜೂನ್ ಒಂದು ಅಂತ ಬರದೆ. ಆಕಿಗೆ ಐದು ತುಂಬಿರಲಿಲ್ಲ, ನಾ ಆರು ಮಾಡಿದೆ. ಆ ಕಾಗದದ ಮ್ಯಾಲ ಆಕಿ ಲಗ್ನ ಆತು. ಸತ್ತಾಗ ಅದನ್ನ ಮತ್ತ ಬರದೆ. ನಾ ಹಿಂಗ ನೂರಾರು ಮಕ್ಕಳಿಗೆ ಜೂನ್ ಒಂದು ಬರದೇನ್ರಿ. ಈ ಹುಡುಗೀದೂ ಜೂನ್ ಒಂದ ಐತಿ, ನೋಡ್ರಿ. ಹುಟ್ಟಿದ ಚೀಟಿ ಮಾತ್ರ ಕೂಸಿಗೆ ಐದು ದಿನ ಆದಾಗ ಬರದದ್ದು. ಆಗ ಯಾರಿಗೂ ಸುಳ್ಳ ಹೇಳಾಕ ಕಾರಣ ಇರಲಿಲ್ಲ."

ಅವರು ಅದನ್ನು ಬರೆದು ಕೊಡಲು ಹೇಳಿದರು. ಅರ್ಧ ಹಾಳೆ ಬರೆದು ಸಹಿ ಮಾಡಿದೆ. ನಿವೃತ್ತಿಯಾದ ಮೇಲೆ ಅಷ್ಟು ಸರಿಯಾಗಿ ನಾನು ಏನನ್ನೂ ಬರೆದಿರಲಿಲ್ಲ. ಸುಚಿತ್ರಾಳ ಶಾಲೆಯಲ್ಲಿ ವಿಚಾರಿಸಿದಾಗ ಅಲ್ಲಿಯೂ ಅದೇ ಸಿಕ್ಕಿತು: ಜನ್ಮ ದಿನಾಂಕ, ಪಾಲಕರ ಹೇಳಿಕೆಯ ಮೇರೆಗೆ. ಮದುವೆ ನಿಲ್ಲಿಸುತ್ತೇನೆ ಎಂದು ಕಲ್ಲೇಶನಿಂದ ಬರೆಸಿಕೊಂಡರು.

ಹೊರಗೆ ಬಂದ ಮೇಲೆ ಕಲ್ಲೇಶ ಗೋಡೆಗೆ ಆನಿಕೊಂಡು ನಿಂತ. "ಒಂದು ವರ್ಷದ ಮಾತಿತ್ತಲ್ಲರಿ ಅತ್ತಿ" ಅಂದ.

"ಆಕಿ ತಾಯಿಗೂ ಒಂದ ವರ್ಷ ಚಿಲ್ಲರೆ ಕಡಿಮಿ ಇತ್ತರಿ" ಎಂದಳು ಚೌಡವ್ವ. ಅವನು ತಲೆ ತಗ್ಗಿಸಿದ. ಅವನೂ ಹೆಂಡತಿಯನ್ನು ಮಣ್ಣು ಮಾಡಿದವನು, ಅದನ್ನು ಮರೆಯಬಾರದು. ಬೀಗರಾಗುವವರಿಗೆ ಫೋನ್ ಮಾಡಲು ಆ ಕಡೆ ಹೋದ.

ಸುಚಿತ್ರಾ ಈಗ ಹಾವೇರಿಯಲ್ಲಿ ನರ್ಸಿಂಗ್ ಮುಗಿಸಿದ್ದಾಳೆ. ಇಪ್ಪತ್ತೊಂದು ದಾಟಿದೆ, ನಿಜವಾದ ಇಪ್ಪತ್ತೊಂದು. ರಜೆಗೆ ಬಂದಾಗ ತೊಟ್ಟಿಲಿಗೆ ಬಂದವರ ಚೀಟಿಯನ್ನು ಅವಳೇ ಓದುತ್ತಾಳೆ, ನನಗೆ ಆ ಕೆಲಸ ತಪ್ಪಿದೆ. ಅಜ್ಜಿಯಷ್ಟು ಬೈಯಲು ಅವಳಿಗೆ ಬರುವುದಿಲ್ಲ.

ಬ್ಯಾಡಗಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಚೌಡವ್ವ ಕೇಳಿದ್ದನ್ನು ಹೇಳಿ ಮುಗಿಸುತ್ತೇನೆ.

"ಮಾಸ್ತರ, ಹೊನ್ನೀದೂ ತಿದ್ದಿಸಾಕ ಬರತೈತೇನ್ರಿ? ಇವತ್ತು ಆ ಅಕ್ಕಾರು ಓದಿದ್ರಲ್ಲ, ಹತ್ತೊಂಬತ್ತು ಅಂತ. ಯಾರದೋ ಹೆಣದ ಚೀಟಿ ಓದಿದಂಗಾತು ನನಗ."

ತಿದ್ದಿಸೋಣ ಎಂದೆ. ಊರಿಗೆ ಬಂದು ಚಾವಡಿಯಲ್ಲಿ ಕೇಳಿದೆ. ಹುಟ್ಟಿನ ದಾಖಲೆ ತನ್ನಿ, ತಿದ್ದುತ್ತೇವೆ ಅಂದರು. ಯಾರಾದರೂ ಬರೆಸಿರಬಹುದೇನೋ ಎಂಬ ಆಸೆಯಲ್ಲಿ ಇಬ್ಬರೂ ಗುತ್ತಲಕ್ಕೆ ಹೋಗಿ ಎಂಬತ್ತಾರರ ಪುಸ್ತಕ ತೆಗೆಸಿದೆವು. ಹಾಳೆಗಳು ಹಳದಿಯಾಗಿದ್ದವು, ಅಕ್ಷರಗಳು ಸ್ಪಷ್ಟವಿದ್ದವು. ಸೀಗಿಹುಣ್ಣಿಮೆಯ ಆಸುಪಾಸಿನಲ್ಲಿ ಏಳು ಮಕ್ಕಳು ಹುಟ್ಟಿದ್ದವು. ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದೆ. ಚೌಡವ್ವ ಪ್ರತಿ ಹೆಸರಿಗೂ ತಲೆ ಅಲ್ಲಾಡಿಸಿದಳು. ಏಳನೆಯದು ಮುಗಿದ ಮೇಲೆ ಇನ್ನೊಮ್ಮೆ ಓದಿರಿ ಅಂದಳು. ಓದಿದೆ.

ಹೊನ್ನವ್ವ ಹುಟ್ಟಿದ್ದಕ್ಕೆ ಈ ಲೋಕದಲ್ಲಿ ಇರುವ ಕಾಗದ ಒಂದೇ, ನನ್ನ ಶಾಲೆಯದು, ಸುಳ್ಳಿನದು. ಅದನ್ನು ಕೊಟ್ಟರೆ ಬರುವುದೂ ಹತ್ತೊಂಬತ್ತೇ. ಐರಣಿಯ ಸಾವಿನ ಪುಸ್ತಕದಲ್ಲಿ ಅದು ಇವತ್ತಿಗೂ ಹಾಗೇ ಇದೆ, ನನ್ನ ಅಕ್ಷರದಲ್ಲಿ. ಆಕೆಗೆ ಹದಿನೇಳಾಗಿತ್ತು.